ಸಾರು, ಛೇ

ಮಕ್ಕಳೇ, ನಿಮಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಇದನ್ನು ನಿಮ್ಮ ಅಮ್ಮ ಓದಿ ಹೇಳುತ್ತಾಳೆ. ನಡುನಡುವೆ ಅವಳು ನಗುತ್ತಾಳೆ, ಏಕೆಂದರೆ ಇದರಲ್ಲಿ ಅವಳೂ ಇದ್ದಾಳೆ. ನಕ್ಕು ಮುಗಿಸಲಿ, ಕಾಯಿರಿ. ಅಕ್ಷರಗಳು ಸೊಟ್ಟಗಿವೆ ಎಂದು ಅವಳು ಹೇಳಬಹುದು. ಅದಕ್ಕೆ ನನ್ನ ಕೈಗೆ ಬಂದ ಕಾಯಿಲೆ ಕಾರಣವಲ್ಲ. ನಮ್ಮೂರಿನ ಶಾಲೆಯಲ್ಲಿ ಸ್ಲೇಟು ಹಿಡಿದಾಗಲೇ ಅವು ಸೊಟ್ಟಗಿದ್ದವು.

ನಿಮ್ಮ ತಾತ ಹೋದ ಮೇಲೆ ನಿಮ್ಮಪ್ಪ ನನ್ನನ್ನು ತುಮಕೂರು ಕಡೆಯ ನಮ್ಮ ಹಳ್ಳಿಯಿಂದ ಅಹಮದಾಬಾದಿಗೆ, ಚಾಂದ್‌ಖೇಡಾದ ಕ್ವಾರ್ಟರ್ಸಿಗೆ ಕರೆತಂದ. ನನಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಕನ್ನಡದಲ್ಲೂ ನಾನು ಹೆಚ್ಚು ಮಾತಾಡಿದವಳಲ್ಲ. ಊರಿನಲ್ಲಿ ನೆಂಟರು ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಕೇಳಿದ್ದಕ್ಕೆ ಹೂಂ, ಉಹೂಂ ಎನ್ನುತ್ತಿದ್ದವಳು.

ಗುಜರಾತಿನಲ್ಲಿ ವಯಸ್ಸಾದ ಹೆಂಗಸರನ್ನು ‘ಬಾ’ ಎಂದು ಕರೆಯುತ್ತಾರೆ, ನಾವು ಅಮ್ಮ ಎನ್ನುವ ಹಾಗೆ. ಇದು ನನಗೆ ಗೊತ್ತಾಗುವುದಕ್ಕೆ ಬಹಳ ಕಾಲ ಬೇಕಾಯಿತು. ಎದುರುಮನೆಯಾಕೆ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ‘ಬಾ’ ಎನ್ನುತ್ತಿದ್ದರು. ಕರೆದ ಮೇಲೆ ಹೋಗದಿದ್ದರೆ ಬೇಜಾರು ಮಾಡಿಕೊಂಡಾರು ಎಂದು ನಾನು ಅವರ ಹಿಂದೆಯೇ ಒಳಗೆ ಹೋಗಿ ಸೋಫಾದ ತುದಿಯಲ್ಲಿ ಕೂತುಬಿಡುತ್ತಿದ್ದೆ. ಪಾಪ, ಅವರು ಚಹಾ ಮಾಡಿ ಕೊಡುತ್ತಿದ್ದರು. ಎಷ್ಟು ಆದರದ ಜನ, ಆದರೆ ‘ಬನ್ನಿ’ ಎನ್ನಬಾರದೇ, ಈ ವಯಸ್ಸಿನವಳಿಗೆ ಏಕವಚನವೇ ಎಂದು ಮಾತ್ರ ಮನಸ್ಸಿಗೆ ಚುಚ್ಚುತ್ತಿತ್ತು.

ಇನ್ನೊಂದು ಮಾತು ‘ಛೇ’. ಅಲ್ಲಿನವರು ಏನೇ ಹೇಳಲಿ, ಕೊನೆಗೆ ಛೇ ಎನ್ನುತ್ತಿದ್ದರು. ಗಂಡನನ್ನು ಕಳೆದುಕೊಂಡು ಬಂದ ಹೊಸಬಳ ಮೇಲೆ ಇಷ್ಟೊಂದು ಮರುಕವೇ ಎಂದು ನನಗೆ ಕಣ್ಣು ತುಂಬಿ ಬರುತ್ತಿತ್ತು. ಬಾಯಿಬಿಟ್ಟು ಏನು ಹೇಳಲೂ ತೋಚದೆ ನಾನೂ ತಲೆಯಾಡಿಸಿ ‘ಛೇ, ಛೇ’ ಎನ್ನುತ್ತಿದ್ದೆ. ಒಮ್ಮೆ ಎದುರುಮನೆಯಾಕೆ ಮಿಠಾಯಿ ಡಬ್ಬಿ ಹಿಡಿದುಕೊಂಡು ಬಂದು ಏನೋ ಹೇಳಿ ಛೇ ಎಂದರು. ನಾನು ಅವರ ಕೈ ಹಿಡಿದು ಸಮಾಧಾನ ಮಾಡಿದೆ. ಅವರ ಮಗನಿಗೆ ಮದುವೆ ಗೊತ್ತಾಗಿತ್ತಂತೆ.

ನೀವು ಈಗಲೇ ನಗುತ್ತಿದ್ದೀರಿ, ಗೊತ್ತು. ನಿಮಗೆ ಗುಜರಾತಿ ಬರುತ್ತದೆ. ನನಗೆ ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ತಲೆ ಬಾಚಿಕೊಳ್ಳುತ್ತಿದ್ದೆ, ಬಾಚಣಿಗೆ ಕೆಳಗೆ ಬಿತ್ತು. ಎತ್ತಿಕೊಳ್ಳಲು ಹೋದರೆ ಬಲಗೈ ಬರಲೇ ಇಲ್ಲ. ನಮ್ಮ ಕಡೆ ಲಕ್ವ ಎನ್ನುತ್ತಾರಲ್ಲ, ಅದು. ನಿಮ್ಮಪ್ಪ ತಡಮಾಡದೆ ಆಸ್ಪತ್ರೆಗೆ ಸೇರಿಸಿದ. ಸೊಟ್ಟಗಾಗಿದ್ದ ಬಾಯಿ ಸರಿಹೋಯಿತು, ಎಳೆಯುತ್ತಿದ್ದ ಕಾಲೂ ಸರಿಹೋಯಿತು. ಬಲಗೈ ಮಾತ್ರ ಯಾರೋ ನೆಂಟರು ನಮ್ಮ ಮನೆಯಲ್ಲಿ ಬಿಟ್ಟುಹೋದ ಚೀಲದ ಹಾಗೆ ಹೆಗಲಿಗೆ ಜೋತುಬಿದ್ದಿತ್ತು. ಹೋದ ಕಡೆಗೆಲ್ಲ ಅದನ್ನೂ ನೆನಪಿಟ್ಟು ಎತ್ತಿಕೊಂಡು ಹೋಗಬೇಕಾಗಿತ್ತು.

ಎಡಗೈಯಲ್ಲಿ ಊಟ ಮಾಡುವುದು ನನ್ನಿಂದ ಆಗಲಿಲ್ಲ. ನಿಮ್ಮಪ್ಪ ಒಳ್ಳೆಯ ಚಮಚ ತಂದುಕೊಟ್ಟ. ಚಮಚದಲ್ಲಿ ಸಾರನ್ನ ತಿಂದರೆ ಕೆಮ್ಮಿನ ಔಷಧಿ ಕುಡಿದ ಹಾಗೆ. ನಿಮ್ಮ ಅಮ್ಮನೇ ಕೋಣೆಯ ಬಾಗಿಲು ಹಾಕಿಕೊಂಡು ಕಲಸಿ ತುತ್ತಿಡುತ್ತಿದ್ದಳು. ಚಿಕ್ಕವನೇ, ನೀನು ಆಗ ಬಾಗಿಲ ಸಂದಿಯಿಂದ ನೋಡಿ, ಅಜ್ಜಿಗೆ ತಿನ್ನಿಸುವಾಗ ಕಾಗೆ ಗುಬ್ಬಿ ಕಥೆ ಯಾಕೆ ಹೇಳುವುದಿಲ್ಲ ಎಂದು ಕೇಳುತ್ತಿದ್ದೆ.

ಮನೆಯೊಳಗೆ ಹೇಗೋ ನಡೆಯುತ್ತಿತ್ತು. ಆದರೆ ಸೂರತ್ತಿನ ಅಡಾಜಣ್‌ನಲ್ಲಿ ನಿಮ್ಮ ಅತ್ತೆ, ಅಂದರೆ ನನ್ನ ಮಗಳು, ಫ್ಲ್ಯಾಟ್ ತಗೊಂಡಿದ್ದಳು. ಗೃಹಪ್ರವೇಶಕ್ಕೆ ದಿನ ಗೊತ್ತಾಗಿತ್ತು. ಬಾಳೆ ಎಲೆ ತರಿಸಿ, ಪಂಕ್ತಿಯಲ್ಲಿ ಕೂರಿಸಿ ನಮ್ಮ ಕಡೆಯ ಊಟ ಹಾಕಿಸಬೇಕೆಂದು ಅವಳ ಆಸೆ. ಊರಿನಿಂದ ಅವಳ ಅತ್ತೆ, ಅಂದರೆ ನನ್ನ ಬೀಗಿತ್ತಿ, ಬರುವವರಿದ್ದರು. ಆಕೆ ಕಂಡದ್ದನ್ನು ಕಂಡ ಹಾಗೇ ಹೇಳುವವರು. ಎಂಜಲು, ಮುಸುರೆ ಎಂದರೆ ಬಲು ಕಟ್ಟುನಿಟ್ಟು. ಅವರ ಪಕ್ಕದ ಎಲೆಯ ಮುಂದೆ ಕೂತು ಸೊಸೆಯ ಕೈಯಿಂದ ತುತ್ತು ತಿನ್ನುವುದನ್ನು ನೆನೆಸಿಕೊಂಡರೇ ನನಗೆ ಮೈಯೆಲ್ಲ ಬೆವರುತ್ತಿತ್ತು. ಕೈ ಬಂದರೆ ಹೋಗುವುದು, ಬರದಿದ್ದರೆ ಇಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ.

ಡಾಕ್ಟರು ರೋಬೋಟ್ ಇರುವ ಕಡೆ ವ್ಯಾಯಾಮ ಮಾಡಿಸಿ ಎಂದು ಬರೆದುಕೊಟ್ಟರು. ನಾನು ಕಣ್ಣು, ಮೂಗು, ಕೈಕಾಲು ಇರುವ ಯಾರೋ ಬರುತ್ತಾರೆ ಎಂದುಕೊಂಡು ಮಡಿಕೆ ಬಿಚ್ಚಿದ ಹೊಸ ಸೀರೆ ಉಟ್ಟು, ಸೆರಗು ಹೊದ್ದುಕೊಂಡು ಹೋದೆ. ಅಲ್ಲಿದ್ದದ್ದು ಒಂದು ಮೇಜು, ಮೇಜಿನ ಮೇಲೆ ಬಿಳಿ ಬಣ್ಣದ ಒಂದು ಕಬ್ಬಿಣದ ತೋಳು, ಎದುರಿಗೆ ಟಿವಿ. ಅದನ್ನು ನಡೆಸಲು ಒಬ್ಬಳು ಗುಜರಾತಿ ಹುಡುಗಿ. ಅವಳು ನನಗೆ ಕಿವಿ ಕೇಳಿಸುವುದಿಲ್ಲ ಎಂದುಕೊಂಡಳೋ ಏನೋ, ಗಟ್ಟಿಯಾಗಿ ಮಾತಾಡುತ್ತಿದ್ದಳು. ಗಟ್ಟಿಯಾಗಿ ಹೇಳಿದರೆ ಗುಜರಾತಿ ಕನ್ನಡವಾಗುತ್ತದೆಯೇ.

ಮೊದಲನೇ ದಿನ ಅವಳು ಕೇಳಿದ್ದು ‘ಜಮಣೋ ಹಾಥ್?’ ಎಂದು. ಎದುರುಮನೆಯಾಕೆಯಿಂದ ನಾನು ಕಲಿತಿದ್ದ ಒಂದೇ ಒಂದು ಗುಜರಾತಿ ಮಾತು ‘ಜಮೀ ಲೀಧು’, ಊಟ ಆಯಿತು ಎಂದು. ಅದಕ್ಕೆ ಹತ್ತಿರದ ಶಬ್ದ ಕಿವಿಗೆ ಬಿದ್ದದ್ದೇ ತಡ, ‘ಜಮೀ ಲೀಧು’ ಎಂದೆ. ಅವಳು ಮತ್ತೆ ಕೇಳಿದಳು. ಉಪ್ಪಿಟ್ಟು ತಿಂದೆ ಎಂದು ಸೇರಿಸಿದೆ. ಆಮೇಲೆ ನಿಮ್ಮ ಅಮ್ಮ ಬಂದು, ಅವಳು ಕೇಳುತ್ತಿರುವುದು ಬಲಗೈಯೇ ಎಂದು, ಗುಜರಾತಿಯಲ್ಲಿ ಬಲಗಡೆಗೆ ಹಾಗೆನ್ನುತ್ತಾರೆ ಎಂದು ಬಿಡಿಸಿ ಹೇಳಿದಳು. ನನಗೆ ಸಮಾಧಾನವಾಗಲಿಲ್ಲ. ಊಟ ಮಾಡುವ ಕೈಗೆ ಊಟದ ಹೆಸರನ್ನೇ ಇಟ್ಟಿದ್ದಾರೆ, ಆದ್ದರಿಂದ ಇವಳು ಊಟದ ವಿಷಯ ತಿಳಿದವಳೇ ಎಂದು ತಲೆಯಲ್ಲಿ ಕೂತುಬಿಟ್ಟಿತು. ಈ ಕೈಯಿಂದ ನಿಮಗೆ ಮುಖ್ಯವಾಗಿ ಏನಾಗಬೇಕು ಎಂದು ಅವಳು ಕೇಳಿದ್ದನ್ನು ನಿಮ್ಮ ಅಮ್ಮ ಕನ್ನಡಕ್ಕೆ ತಿರುಗಿಸಿದಾಗ ನಾನು ನಾಚಿಕೆ ಬಿಟ್ಟು ಹೇಳಿದೆ: ಸಾರನ್ನ ಕಲಸಿ ತಿನ್ನಬೇಕು. ನಿಮ್ಮ ಅಮ್ಮ ಅದನ್ನು ಹಿಂದಿಯಲ್ಲಿ ದಾಲ್-ಚಾವಲ್ ಎಂದು ಹೇಳಿದಳಂತೆ. ಹುಡುಗಿ ನನ್ನ ಬಾಯಿಂದಲೇ ಸಾರು ಎಂಬ ಮಾತನ್ನು ಕೇಳಿಸಿಕೊಂಡಿದ್ದಾಳೆ ಎಂದು ನಾನು ನಂಬಿದ್ದೆ.

ಅವಳು ನನ್ನ ಮುಂಗೈಯನ್ನು ದೋಣಿಯಂಥ ಒಂದು ತೊಟ್ಟಿಲಲ್ಲಿ ಮಲಗಿಸಿ, ಪಟ್ಟಿ ಬಿಗಿದು, ಬೆರಳುಗಳನ್ನು ಅದರ ಮುಂದಿದ್ದ ಹಿಡಿಯ ಸುತ್ತ ಮಡಚಿದಳು. ಹಿಡಿ ಇನ್ನೊಂದು ತುದಿಯಲ್ಲಿ ಯಂತ್ರಕ್ಕೆ ಸೇರಿತ್ತು. ಅಂದರೆ ಯಂತ್ರ ನನ್ನ ಕೈ ಹಿಡಿದುಕೊಂಡಿತ್ತು. ಮದುವೆಯ ದಿನ ನಿಮ್ಮ ತಾತ ಹಿಡಿದ ಮೇಲೆ ಈ ಕೈಯನ್ನು ಬೇರೆ ಯಾರೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ನಿಜ ಹೇಳಬೇಕೆಂದರೆ ತಾತನೂ ಅಷ್ಟು ಹೊತ್ತು ಹಿಡಿದಿರಲಿಲ್ಲ.

ಟಿವಿಯಲ್ಲಿ ಕೊಳೆಯಾದ ಒಂದು ಕಿಟಕಿ ಬರುತ್ತಿತ್ತು. ಹಿಡಿಯನ್ನು ಅತ್ತಿತ್ತ ಆಡಿಸಿದರೆ ಅಲ್ಲಿ ಬಟ್ಟೆ ಓಡಾಡಿ ಗಾಜು ಒರೆಸುತ್ತಿತ್ತು. ನನ್ನ ಕೈ ಹೊರಟರೆ ಯಂತ್ರ ಸುಮ್ಮನೆ ಜೊತೆಗೆ ಬರುತ್ತಿತ್ತು, ಕೈ ನಿಂತುಬಿಟ್ಟರೆ ತಾನೇ ತಳ್ಳುತ್ತಿತ್ತು. ನನಗೆ ಇದು ತಿಳಿಯಲಿಲ್ಲ. ಬೇರೆಯವರ ಮನೆಯ ಯಂತ್ರ, ಅದನ್ನು ನೂಕುವುದು ಸರಿಯಲ್ಲ, ಅದೇ ಮೊದಲು ಹೋಗಲಿ ಎಂದು ಕಾದೆ. ಅದೂ ನನಗಾಗಿ ಕಾಯಿತು. ಹೊಸಿಲ ಬಳಿ ನೀವು ಮೊದಲು, ನೀವು ಮೊದಲು ಎನ್ನುವ ಹೊಸ ನೆಂಟರ ಹಾಗೆ ಇಬ್ಬರೂ ನಿಂತೆವು. ಕೊನೆಗೆ ಅದೇ ತಾಳ್ಮೆಗೆಟ್ಟು ಮೆಲ್ಲಗೆ ಎಳೆದುಕೊಂಡು ಹೋಯಿತು. ಗಾಜೇನೋ ಫಳಫಳ ಹೊಳೆಯಿತು. ಆದರೆ ಟಿವಿಯ ಮೂಲೆಯಲ್ಲಿ ಯಾರು ಎಷ್ಟು ಕೆಲಸ ಮಾಡಿದರು ಎಂದು ಬರುತ್ತಿತ್ತು. ಹಸಿರು ನನ್ನದು, ಕೆಂಪು ಅದರದು. ಎಲ್ಲ ಕೆಂಪೇ. ಇಷ್ಟು ಮರ್ಯಾದೆ ಕೊಟ್ಟರೂ ಚಾಡಿ ಹೇಳಿಬಿಟ್ಟಿತಲ್ಲ ಎಂದು ಅವತ್ತಿನಿಂದ ನಾನು ಅದಕ್ಕೆ ದಾರಿ ಬಿಡುವುದನ್ನು ನಿಲ್ಲಿಸಿದೆ.

ಭುಜದಲ್ಲಿ ಬೆವರಿಳಿಯುವ ಹಾಗೆ ನೂಕಿದೆ. ಹಸಿರು ಪಟ್ಟಿ ಅಕ್ಕಿಕಾಳಿನಷ್ಟು ಕಾಣಿಸಿತು. ಹುಡುಗಿ ಟಿವಿ ನೋಡಿದಳು, ನನ್ನನ್ನು ನೋಡಿದಳು, ನಗುತ್ತಾ ಹೇಳಿದಳು, ‘ಸಾರು ಛೇ.’

ಸಾರು, ಛೇ. ಸಾರಿನ ವಿಷಯ ಹೇಳಿದೆಯಲ್ಲಮ್ಮ, ಅಯ್ಯೋ ಪಾಪ, ಅದೊಂದು ಆಗುವುದಿಲ್ಲ. ಬೇರೇನು ಅರ್ಥ ಬರಲು ಸಾಧ್ಯ?

ಮಾರನೆಯ ದಿನ ಇನ್ನೂ ಜೋರಾಗಿ ನೂಕಿದೆ. ಅವಳು ಮತ್ತೆ ‘ಸಾರು ಛೇ’ ಎಂದಳು. ಕಿಟಕಿ ಹೋಗಿ ಹಣ್ಣು ಹೆಕ್ಕುವ ಆಟ ಬಂತು. ಮರದಿಂದ ಬೀಳುವ ಮಾವಿನಹಣ್ಣನ್ನು ಬುಟ್ಟಿಗೆ ಹಿಡಿಯಬೇಕು. ಮೊದಮೊದಲು ಹಣ್ಣು ಒಂದು ಕಡೆ, ಬುಟ್ಟಿ ಒಂದು ಕಡೆ. ಒಂದು ದಿನ ಎಲ್ಲ ಹಣ್ಣುಗಳನ್ನೂ ಹಿಡಿದೆ. ಹಸಿರು ಪಟ್ಟಿ ಕೆಂಪನ್ನು ದಾಟಿತು. ಹುಡುಗಿ ಚಪ್ಪಾಳೆ ತಟ್ಟಿ, ‘ಬಾ, ಬಹು ಸಾರು ಛೇ’ ಎಂದಳು. ಬಹು ಸಾರು, ಛೇ. ಇಷ್ಟೊಂದು ಸಾರು, ಎಲ್ಲಾ ದಂಡ ಎಂದು ತಿಳಿದುಕೊಂಡು, ನಗುನಗುತ್ತಾ ಇಂಥ ಮಾತು ಆಡುತ್ತಾಳಲ್ಲ, ಎಷ್ಟು ಕಲ್ಲು ಮನಸ್ಸು ಎಂದು ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ. ಹೊರಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ನಿಮ್ಮ ಅಮ್ಮನಿಗೆ ಏನೂ ಹೇಳಲಿಲ್ಲ. ಅವಳ ಆಫೀಸು ಕೆಲಸದ ನಡುವೆ ನನ್ನ ಸಾರಿನ ಗೋಳು ಯಾಕೆ.

ಅಲ್ಲಿಂದ ಮುಂದೆ ನನಗೆ ಹುರುಪು ಹೋಯಿತು. ಮಾವಿನಹಣ್ಣು ಬಿದ್ದರೆ ಬೀಳಲಿ ಎಂದು ಕೂತುಬಿಡುತ್ತಿದ್ದೆ. ಯಂತ್ರವೇ ಓಡಾಡಿ ಹಿಡಿದುಕೊಳ್ಳುತ್ತಿತ್ತು. ಪಟ್ಟಿ ಮತ್ತೆ ಕೆಂಪಾಯಿತು. ಸೂರತ್ತಿಗೆ ಫೋನ್ ಮಾಡಿಸಿ, ಅಷ್ಟು ದೂರ ಬರುವುದು ಕಷ್ಟ, ನಾನು ಇಲ್ಲೇ ಮನೆ ನೋಡಿಕೊಂಡು ಇರುತ್ತೇನೆ ಎಂದೆ. ನಿಮ್ಮ ಅತ್ತೆ ಮೂಗೆಳೆದುಕೊಂಡು ಹೇಳಿದಳು, ‘ನೀನ್ ಬರ್ದೇ ಇದ್ರೆ ನಾನ್ ಹಾಲು ಉಕ್ಕಿಸಲ್ಲ ಕಣಮ್ಮ. ಫ್ಲ್ಯಾಟು ಹಂಗೇ ಬೀಗ ಹಾಕಿರ್ಲಿ.’

ಆವತ್ತು ಸಂಜೆ ನಿಮ್ಮ ಅಮ್ಮ ನನ್ನ ಪಕ್ಕ ಬಂದು ಕೂತಳು. ಏನಾಯಿತು ಎಂದು ಬಿಡದೆ ಕೇಳಿದಳು. ನಾನು ಸೆರಗಿನ ಅಂಚು ಮಡಚುತ್ತಾ ಹೇಳಿಬಿಟ್ಟೆ: ಆ ಹುಡುಗಿಯೇ ದಿನಾ ಹೇಳುತ್ತಾಳೆ, ನನಗೆ ಸಾರು ಆಗುವುದಿಲ್ಲವಂತೆ.

ನಿಮ್ಮ ಅಮ್ಮನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಾರನೆಯ ದಿನ ಅವಳು ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟು, ನನ್ನ ಜೊತೆ ಯಂತ್ರದ ಕೋಣೆಯೊಳಗೆ ನುಗ್ಗಿದಳು. ಹುಡುಗಿಯನ್ನು ಹಿಂದಿಯಲ್ಲಿ ತರಾಟೆಗೆ ತಗೊಂಡಳು. ವಯಸ್ಸಾದವರ ಮುಂದೆ ಆಗುವುದಿಲ್ಲ ಎನ್ನಬಹುದೇ, ಹೇಳುವುದಿದ್ದರೆ ನಮಗೆ ಹೇಳಬೇಕು ಎಂದೆಲ್ಲ. ಹುಡುಗಿ ಕಣ್ಣುಕಣ್ಣು ಬಿಟ್ಟಳು. ತಾನು ದಾಲ್ ವಿಷಯವನ್ನೇ ಎತ್ತಿಲ್ಲ ಎಂದು ತಾಯಿಯ ಮೇಲೆ ಆಣೆ ಇಟ್ಟಳು. ನಿಮ್ಮ ಅಮ್ಮ ನನ್ನ ಕಡೆ ತಿರುಗಿದಳು. ನಾನು ಕಾಲಿನ ಬೆರಳು ನೋಡುತ್ತಾ ನಿಂತೆ. ಹುಡುಗಿ ಪಾಪ, ತನ್ನ ತಪ್ಪಿಲ್ಲ ಎಂದು ತೋರಿಸಲು ನನ್ನನ್ನು ಕೂರಿಸಿ, ಪಟ್ಟಿ ಕಟ್ಟಿ, ಮಾವಿನಹಣ್ಣಿನ ಆಟ ಹಾಕಿದಳು. ಸೊಸೆ ನೋಡುತ್ತಿದ್ದಾಳೆ ಎಂದು ನಾನೂ ಶಕ್ತಿಯೆಲ್ಲ ಹಾಕಿ ಹಿಡಿದೆ. ಹಸಿರು ಏರಿತು. ಹುಡುಗಿ ಅದರ ಮೇಲೆ ಬೆರಳಿಟ್ಟು ನಿಮ್ಮ ಅಮ್ಮನಿಗೆ, ‘ಜುವೋ, ಸಾರು ಛೇ’ ಎಂದಳು.

‘ನೋಡ್ದಾ, ನೋಡ್ದಾ, ಈಗ ಅಂದ್ಲು,’ ಎಂದೆ ನಾನು.

ನಿಮ್ಮ ಅಮ್ಮ ಹುಡುಗಿಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಗೋಡೆ ಹಿಡಿದುಕೊಂಡಳು. ಗೋಡೆ ಸಾಲದೆ ನೆಲಕ್ಕೆ ಕೂತಳು. ಅವಳಿಗೂ ಏನೋ ಆಯಿತು, ಈ ಮನೆಯಲ್ಲಿ ಎಲ್ಲರಿಗೂ ಲಕ್ವವೇ ಎಂದು ನಾನು ಗಾಬರಿಯಾದೆ. ನಗು ನಿಲ್ಲಿಸಲಾಗದೆ ಕಣ್ಣಲ್ಲಿ ನೀರು ಸುರಿಸುತ್ತಾ ಅವಳು ಹೇಳಿದ್ದು ಇಷ್ಟು: ‘ಅತ್ತೆ, ಸಾರು ಅಂದ್ರೆ ಇವ್ರಲ್ಲಿ ಚೆನ್ನಾಗಿ ಅಂತ. ಛೇ ಅಂದ್ರೆ ಇದೆ ಅಂತ. ಚೆನ್ನಾಗಿದೆ, ಚೆನ್ನಾಗಿದೆ ಅಂತ ದಿನಾ ಹೊಗಳ್ತಾ ಇದಾಳೆ ನಿಮ್ಮನ್ನ.’

ನಾನು ಯಂತ್ರಕ್ಕೆ ಕೈ ಕೊಟ್ಟುಕೊಂಡು ಹಾಗೇ ಕೂತಿದ್ದೆ. ನನ್ನ ತಲೆಯಲ್ಲಿ ಒಂದೊಂದಾಗಿ ತಿರುಗುತ್ತಿತ್ತು. ಹಾಗಾದರೆ ಎದುರುಮನೆಯಾಕೆ ಮರುಕಪಟ್ಟಿರಲಿಲ್ಲ. ಹಾಲಿನವನೂ ಮರುಕಪಟ್ಟಿರಲಿಲ್ಲ. ತರಕಾರಿಯವಳು ಬೆಂಡೆಕಾಯಿ ತೋರಿಸಿ ಛೇ ಎಂದಾಗ ನಾನು ಅವಳ ತಲೆ ಸವರಿದ್ದೆ.

ವಿಷಯ ತಿಳಿದ ಮೇಲೆ ಆ ಹುಡುಗಿ ನನ್ನನ್ನು ಬಿಡಲಿಲ್ಲ. ನಮ್ಮ ಸಾರು ಎಂದರೇನು, ಎಷ್ಟು ನೀರಾಗಿರುತ್ತದೆ, ಎಲೆಯ ಮೇಲೆ ನಿಲ್ಲುತ್ತದೆಯೇ ಎಂದೆಲ್ಲ ನಿಮ್ಮ ಅಮ್ಮನಿಂದ ಕೇಳಿ ತಿಳಿದುಕೊಂಡಳು. ನಿಲ್ಲುವುದಿಲ್ಲ ಎಂದು ಕೇಳಿ, ಮತ್ತೆ ಅದನ್ನು ಎಲೆಗೆ ಯಾಕೆ ಹಾಕುತ್ತೀರಿ ಎಂದಳಂತೆ. ಯಂತ್ರದ ಆಟ ಮುಗಿದ ಮೇಲೆ ತಟ್ಟೆಯಲ್ಲಿ ಮಂಡಕ್ಕಿ ಹಾಕಿ ಹಿಡಿ ಮಾಡಿಸುತ್ತಿದ್ದಳು. ಮನೆಯಲ್ಲಿ ಮೊಸರನ್ನ. ಯಂತ್ರಕ್ಕೆ ಹಿಂದೆ, ಮುಂದೆ, ಎಡ, ಬಲ ಎಲ್ಲ ಗೊತ್ತಿತ್ತು. ಬಾಯಿ ಗೊತ್ತಿರಲಿಲ್ಲ. ತಟ್ಟೆಯಿಂದ ಬಾಯಿಯವರೆಗಿನ ದಾರಿಯನ್ನು ನಾನೇ ಕಂಡುಕೊಳ್ಳಬೇಕಾಯಿತು. ಎಷ್ಟೋ ಮೊಸರನ್ನ ಕಿವಿಗೆ ಹೋಯಿತು. ದೊಡ್ಡವಳೇ, ನೀನು ಎದುರಿಗೆ ಕೂತು ‘ಅಜ್ಜಿ, ಲೆಫ್ಟ್, ಲೆಫ್ಟ್’ ಎಂದು ಗಾಡಿ ಹಿಂದಕ್ಕೆ ತೆಗೆಸುವವರ ಹಾಗೆ ದಾರಿ ಹೇಳುತ್ತಿದ್ದೆ.

ಸೂರತ್ತಿಗೆ ರೈಲಿನಲ್ಲಿ ಹೋದೆವು. ದಾರಿಯುದ್ದಕ್ಕೂ ನನಗೆ ಭಯ. ಸೀಟಿನಲ್ಲಿ ಕೂತು, ಖಾಲಿ ಕೈಯನ್ನೇ ತೊಡೆಯಿಂದ ಬಾಯಿಗೆ, ಬಾಯಿಂದ ತೊಡೆಗೆ ಅಭ್ಯಾಸ ಮಾಡುತ್ತಿದ್ದೆ. ಎದುರಿಗೆ ಕೂತಿದ್ದ ಹೆಂಗಸು ನನ್ನನ್ನು ನೋಡಿದರು, ನಿಮ್ಮಪ್ಪನನ್ನು ಕೆಕ್ಕರಿಸಿ ನೋಡಿದರು. ವಡೋದರಾ ಬರುವಷ್ಟರಲ್ಲಿ ಅವರು ಡಬ್ಬಿ ಬಿಚ್ಚಿ ನನ್ನ ಮಡಿಲಿಗೆ ಮೆಂತ್ಯದ ರೊಟ್ಟಿಯಂಥ ಥೇಪ್ಲಾ, ಉಪ್ಪಿನಕಾಯಿ, ಒಂದು ಬಾಳೆಹಣ್ಣು ಹಾಕಿದರು. ಮುದುಕಿಯನ್ನು ಉಪವಾಸ ಕೆಡವಿ ಕರೆದುಕೊಂಡು ಹೋಗುತ್ತಿದ್ದೀರಾ ಎಂದು ನಿಮ್ಮಪ್ಪನನ್ನು ಕೇಳಿದರಂತೆ. ಥೇಪ್ಲಾ ಚೆನ್ನಾಗಿತ್ತು.

ಹಾಲು ಉಕ್ಕಿತು. ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿ ಉದ್ದ ಮೇಜುಗಳ ಮೇಲೆ ಎಲೆ ಹಾಕಿದರು. ನಾನು ತುದಿಯ ಕುರ್ಚಿಗೆ ಹೋಗುತ್ತಿದ್ದೆ, ಬೀಗಿತ್ತಿ ನನ್ನ ರಟ್ಟೆ ಹಿಡಿದು ತಮ್ಮ ಪಕ್ಕಕ್ಕೇ ಕೂರಿಸಿಕೊಂಡರು. ನನ್ನ ಕೈಯನ್ನು ನೋಡಿದರು, ತಮ್ಮ ಎಲೆಗೆ ನೀರು ಚಿಮುಕಿಸಿಕೊಂಡರು.

ಕೋಸಂಬರಿ ಸುಲಭವಾಗಿ ಹೋಯಿತು. ಅನ್ನ ಬಂತು. ಅನ್ನದ ನಡುವೆ ಗುಂಡಿ ಮಾಡಿ ಕಾದೆ. ಸಾರು ಬಡಿಸುವವನು ಸೌಟು ತುಂಬಾ ಬಗ್ಗಿಸಿದ. ಗುಂಡಿ ತುಂಬಿತು, ಕಟ್ಟೆ ಒಡೆಯಿತು. ಸಾರು ಎಲೆಯ ನಡುದಂಟಿನ ಗುಂಟ ಹೊರಟಿತು. ತಡೆಯಬೇಕಾದ ಕೈ ನನ್ನದೇ. ಅದು ಹೊರಟಿತು, ಆದರೆ ಸಾರಿನಷ್ಟು ಬೇಗ ಹೊರಡಲಿಲ್ಲ. ಸಾರು ನನ್ನ ಎಲೆ ದಾಟಿ, ಮೇಜು ದಾಟಿ, ಬೀಗಿತ್ತಿಯ ಎಲೆಯೊಳಗೆ ಹೋಗಿ ಅವರ ಅನ್ನದ ಬುಡದಲ್ಲಿ ನಿಂತಿತು.

ನನ್ನ ಎಂಜಲು, ಅವರ ಎಲೆಯಲ್ಲಿ. ನಿಮ್ಮ ಅತ್ತೆ ಬೇರೆ ಎಲೆ ತರಲು ಓಡಿದಳು. ಬೀಗಿತ್ತಿ ಎಲೆಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಆ ಸಾರನ್ನು ತಮ್ಮ ಅನ್ನಕ್ಕೇ ಎಳೆದುಕೊಂಡು ಕಲಸಿದರು.

‘ಬೀಗ್ರೇ, ನಿಮ್ ಸಾರು ನಮ್ ಎಲೆಗ್ ಬಂದ್ಬುಡ್ತು. ಇನ್ ವಾಪಸ್ ಕೊಡಾಕಿಲ್ಲ,’ ಎಂದು ಒಂದು ತುತ್ತು ಬಾಯಿಗೆ ಹಾಕಿಕೊಂಡರು.

ನಾನೂ ನನ್ನ ಎಲೆಯಲ್ಲಿ ಉಳಿದದ್ದನ್ನು ಕಲಸಿದೆ. ತುತ್ತು ಕಟ್ಟಿದೆ. ಮೊದಲನೆಯದು ಗಲ್ಲಕ್ಕೆ ತಗುಲಿ ಅರ್ಧ ಮಡಿಲಿಗೆ ಬಿತ್ತು. ಅರ್ಧ ಬಾಯಿಗೆ ಬಂತು. ಎರಡನೆಯದು ಪೂರ್ತಿ ಬಂತು. ಅಷ್ಟು ದಿನಗಳ ಮೇಲೆ ನನ್ನ ಬೆರಳಿನ ರುಚಿ ಸೇರಿದ ಸಾರನ್ನ. ಏನನ್ನಿಸಿತು ಎಂದು ಬರೆಯಲು ನನಗೆ ಬರುವುದಿಲ್ಲ.

ತೊಂದರೆ ಆಮೇಲೆ ಶುರುವಾಯಿತು. ನಮ್ಮಲ್ಲಿ ಪಂಕ್ತಿಯಲ್ಲಿ ಕೂತವರು ಎಲ್ಲರ ಊಟ ಮುಗಿಯುವವರೆಗೆ ಏಳುವುದಿಲ್ಲ. ನಾನು ಇನ್ನೂ ಸಾರನ್ನದಲ್ಲೇ ಇದ್ದೆ, ಉಳಿದವರೆಲ್ಲ ಪಾಯಸ, ಮಜ್ಜಿಗೆ ಮುಗಿಸಿ ಕೂತಿದ್ದರು. ನಿಮ್ಮ ಅತ್ತೆಯ ಗುಜರಾತಿ ನೆರೆಯವರು ಇದು ಗೊತ್ತಿಲ್ಲದೆ ಎದ್ದರು. ಬೀಗಿತ್ತಿ ಎಂಜಲು ಕೈಯನ್ನೇ ಟ್ರಾಫಿಕ್ ಪೊಲೀಸಿನ ಹಾಗೆ ಎತ್ತಿದರು.

‘ಕೂತ್ಕಳಿ, ಕೂತ್ಕಳಿ. ನಮ್ ಬೀಗ್ರುದು ಊಟ ಆಗಿಲ್ಲ.’

ಮಾತು ಅರ್ಥವಾಗದಿದ್ದರೂ ಅವರೆಲ್ಲ ಕೂತರು. ಎಲ್ಲರ ಬಲಗೈಯೂ ಒಣಗುತ್ತಿತ್ತು. ಒಬ್ಬರು ಎಡಗೈಯಲ್ಲಿ ಮೊಬೈಲು ನೋಡತೊಡಗಿದರು. ದಪ್ಪಗಿದ್ದ ಒಬ್ಬ ಹಿರಿಯರು ಹಾಗೇ ತೂಕಡಿಸಿದರು. ಇಡೀ ಸಾಲು ನನ್ನ ಕೈಯನ್ನೇ ನೋಡುತ್ತಿತ್ತು: ಎಲೆಯಿಂದ ಬಾಯಿಗೆ, ಬಾಯಿಂದ ಎಲೆಗೆ. ಮೊದಲಿನ ನಾನಾಗಿದ್ದರೆ ಅಲ್ಲಿಗೇ ಎಲೆ ಮಡಚಿ ಎದ್ದುಬಿಡುತ್ತಿದ್ದೆ.

ಬಡಿಸುವವನು ಮಜ್ಜಿಗೆ ತಂದು ನನ್ನ ಮುಂದೆ ನಿಂತ. ಎಲೆ ನೋಡಿದೆ. ಅನ್ನ ಮುಗಿದಿತ್ತು. ಸಾರು ಹೆಚ್ಚಾಗಿ ಪಕ್ಕದ ಎಲೆಗೇ ಹೋಗಿತ್ತು.

‘ಮಜ್ಜಿಗೆ ಆಮೇಲೆ ಹಾಕಪ್ಪ,’ ಎಂದೆ. ಅಷ್ಟು ಜನರ ಮುಂದೆ ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. ‘ಇನ್ನೊಂಚೂರು ಅನ್ನ ಬಡ್ಸು. ಮೇಲೆ ಸಾರು.’

ಸಾಲಿನ ಆ ತುದಿಯಿಂದ ಯಾರೋ ಉಸ್ಸೆಂದರು. ಬೀಗಿತ್ತಿ ತಮ್ಮ ಎಲೆಯ ಅಂಚನ್ನು ನನ್ನ ಕಡೆಗೆ ಎತ್ತಿ ಹಿಡಿದು ಕಟ್ಟೆ ಕಟ್ಟಿದರು. ನಾನು ಅನ್ನದ ನಡುವೆ ನಿಧಾನವಾಗಿ ಗುಂಡಿ ಮಾಡತೊಡಗಿದೆ.